ಹೆಸರು ಕೇಳುವ ಕೆಲಸ

ಆಸ್ಪತ್ರೆಯಲ್ಲಿ ನನ್ನನ್ನು ‘ಕಮಾನ್ ಮರ್ರಾ’ ಎಂದು ಕರೆಯುತ್ತಿದ್ದರು. ಅರಬ್ಬಿಯಲ್ಲಿ ‘ಇನ್ನೊಂದು ಸಲ’ ಎಂದು ಅರ್ಥ. ಹೆಸರಿಟ್ಟವರು ಈಜಿಪ್ಟಿನ ಡಾಕ್ಟರ್ ಸಾಮಿ. ಇಂಜೆಕ್ಷನ್ ಬಾಟಲಿಯ ಚೀಟಿಯನ್ನು ಎರಡು ಸಲ ಓದಿ, ರೋಗಿಯ ಹಾಸಿಗೆಯವರೆಗೂ ಹೋಗಿ, ಅಲ್ಲಿಂದ ಹಿಂತಿರುಗಿ ಕಿಟಕಿಯ ಬೆಳಕಿಗೆ ಬಂದು ಮೂರನೇ ಸಲ ಓದುವ ನನ್ನ ಚಾಳಿ ನೋಡಿ ಅವರಿಗೆ ನಗು ತಡೆಯಲಾಗಿರಲಿಲ್ಲ. ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ನಾನು ಹುಟ್ಟಾ ಪುಕ್ಕಲ. ಮನೆಗೆ ಬೀಗ ಹಾಕಿ ನಾಲ್ಕು ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬೀಗ ಜಗ್ಗಿ ನೋಡದೆ ಹೋದದ್ದೇ ಇಲ್ಲ. ನರ್ಸ್ ಕೆಲಸಕ್ಕೆ ಗಟ್ಟಿ ಗುಂಡಿಗೆ ಬೇಕು ಎನ್ನುವವರಿದ್ದಾರೆ. ನಾನು ಕಂಡಂತೆ ಆ ಕೆಲಸ ಕೆಡುವುದು ಗಟ್ಟಿ ಗುಂಡಿಗೆಯವರ ಕೈಯಲ್ಲೇ ಹೆಚ್ಚು.

ನಾನು ಮಲ್ಲಪ್ಪ, ರೋಣದ ಕಡೆಯವನು. ಕುವೈತಿನ ಜಾಬ್ರಿಯಾದ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಹತ್ತಿರ ಹತ್ತಿರ ಮೂವತ್ತು ವರ್ಷ ದುಡಿದು, ಈಗ ಎಗೈಲಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೊಮ್ಮಗಳನ್ನು ಶಾಲೆಯ ಬಸ್ಸಿಗೆ ಬಿಡುವುದು ಸದ್ಯದ ಡ್ಯೂಟಿ. ಶುಕ್ರವಾರಗಳಲ್ಲಿ ನಮ್ಮ ಕಡೆಯಿಂದ ಹೊಸದಾಗಿ ಬಂದ ನರ್ಸ್ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ. ಲೈಸೆನ್ಸ್ ಪರೀಕ್ಷೆ ಹೇಗಿರುತ್ತದೆ, ಇಲ್ಲಿ ವಾಸಿಸುವ ಪರವಾನಗಿ ಇಕಾಮಾ ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ಯಾವ ವಾರ್ಡ್ ಸುಖ, ಎಲ್ಲ ಕೇಳುತ್ತಾರೆ. ರೋಗಿಯ ಹೆಸರು ಕೇಳುವುದು ಹೇಗೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದರಲ್ಲಿ ಕಲಿಯುವುದೇನಿದೆ ಎಂದು ನಾನೂ ಅಂದುಕೊಂಡಿದ್ದವನೇ.

ಬಂದ ಮೊದಲ ವರ್ಷದ ಮಾತು. ಪಕ್ಕಪಕ್ಕದ ಹಾಸಿಗೆಗಳಲ್ಲಿ ಇಬ್ಬರು ಮುದುಕರಿದ್ದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಕೊಡಬೇಕಿತ್ತು. ನಾನು ಸಿರಿಂಜ್ ಹಿಡಿದು ಹೋಗಿ, ನಗುನಗುತ್ತಾ ಒಬ್ಬರನ್ನು ಕೇಳಿದೆ, ‘ನೀವು ಅಬು ಮೊಹಮ್ಮದ್ ಅಲ್ಲವೇ?’ ಅವರೂ ನಗುತ್ತಾ ತಲೆಯಾಡಿಸಿದರು. ಚುಚ್ಚಿಬಿಟ್ಟೆ. ಅವರು ಅಬು ಮೊಹಮ್ಮದ್ ಅಲ್ಲ. ಕಿವಿ ಮಂದ, ಯಾರು ಏನು ಕೇಳಿದರೂ ಮರ್ಯಾದೆಗೆ ಹೌದು ಎನ್ನುವ ಸ್ವಭಾವ. ಅರ್ಧ ಗಂಟೆಯಲ್ಲಿ ಮನುಷ್ಯ ಬೆವರಿ ತೊಪ್ಪೆಯಾದರು, ಮಾತು ತೊದಲಿತು.

ನಮ್ಮ ಹೆಡ್ ನರ್ಸ್ ಕೋಟ್ಟಯಂ ಕಡೆಯ ಅನ್ನಮ್ಮ ಸಿಸ್ಟರ್. ಅವರು ನನಗೆ ಬೈಯಲಿಲ್ಲ. ಗ್ಲೂಕೋಸ್ ಏರಿಸಿ, ಆ ಮುದುಕರ ಸಕ್ಕರೆ ಸರಿಯಾಗುವವರೆಗೂ ನನ್ನನ್ನು ಅವರ ಕೈ ಹಿಡಿಸಿ ನಿಲ್ಲಿಸಿದರು. ಆಮೇಲೆ ತಪ್ಪಿನ ವರದಿಯನ್ನು ನನ್ನ ಕೈಯಲ್ಲೇ ಬರೆಸಿ, ಕೆಳಗೆ ತಾವೂ ಸಹಿ ಹಾಕಿದರು. “ಇನ್ನು ಮೇಲೆ ಹೆಸರನ್ನು ನೀನು ಹೇಳಬೇಡ ಮಲ್ಲಪ್ಪ. ಅದು ಅವರ ಬಾಯಿಂದಲೇ ಬರಬೇಕು. ಹೊಂದಲಿಲ್ಲವೋ, ಕೈಯಲ್ಲಿರುವುದನ್ನು ಕೆಳಗಿಡು. ಯಾರು ಏನೇ ಅನ್ನಲಿ, ಕೆಳಗಿಡು” ಅಂದರು. ಆ ಮುದುಕರು ಬದುಕಿದರು, ಮನೆಗೆ ಹೋಗುವಾಗ ನನಗೆ ಒಂದು ಡಬ್ಬಿ ಖರ್ಜೂರ ಕೊಟ್ಟರು. ನನ್ನಿಂದ ಅದನ್ನು ತಿನ್ನಲಾಗಲಿಲ್ಲ.

ಅಲ್ಲಿಂದ ನನ್ನ ಪುಕ್ಕಲುತನಕ್ಕೆ ಒಂದು ಕ್ರಮ ಬಂತು. ಪ್ರತಿ ಮಾತ್ರೆ, ಪ್ರತಿ ಸೂಜಿಗೂ ಮುಂಚೆ ಎರಡೇ ಪ್ರಶ್ನೆ: ‘ಇಸ್ಮಕ್? ತಾರೀಖ್ ಮೀಲಾದ್?’ ನಿಮ್ಮ ಹೆಸರು, ಹುಟ್ಟಿದ ದಿನ. ಮುಂದೆ ಇದೇ ಎಲ್ಲ ಕಡೆ ನಿಯಮವಾಯಿತು. ವಾರ್ಡಿನ ಸಾಮಾನು, ಸ್ಯಾಂಪಲ್ಲು, ರಕ್ತ ಎಲ್ಲ ಹೊತ್ತು ತಿರುಗುತ್ತಿದ್ದ ಹಮೀದಣ್ಣ ಉಪ್ಪಿನಂಗಡಿ ಕಡೆಯ ಬ್ಯಾರಿ. ಅವರು ಛೇಡಿಸುತ್ತಿದ್ದರು, “ಎಂತ ಮಾರಾಯ್ರೆ, ನಾಳೆ ಸ್ವರ್ಗದ ಬಾಗಿಲಲ್ಲಿ ನಿಮ್ಮನ್ನು ನಿಲ್ಲಿಸಿದ್ರೆ ದೇವರ ಹತ್ರಾನೂ ಇಕಾಮಾ ತೋರಿಸಿ ಅಂತ ಕೇಳ್ತೀರೋ ಏನೋ!”

ಇದರಲ್ಲೊಂದು ತಮಾಷೆಯಿದೆ. ದಿನಕ್ಕೆ ನೂರು ಜನರ ಹುಟ್ಟಿದ ದಿನ ಕೇಳುತ್ತಿದ್ದ ನನ್ನ ಹುಟ್ಟಿದ ದಿನವೇ ಸುಳ್ಳು. ನನ್ನ ವಯಸ್ಸಿನ, ನಮ್ಮ ಕಡೆಯ ಯಾರನ್ನಾದರೂ ಕೇಳಿ, ಜೂನ್ ಒಂದು ಎನ್ನುತ್ತಾರೆ. ಶಾಲೆಗೆ ಸೇರಿಸಿದ ದಿನ ಮಾಸ್ತರರು ನಮ್ಮ ಎತ್ತರ ನೋಡಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿ, ರಿಜಿಸ್ಟರಿನಲ್ಲಿ ಜೂನ್ ಒಂದು ಬರೆದುಬಿಟ್ಟರು. ಅವ್ವ ಹೇಳುತ್ತಿದ್ದದ್ದು ಬೇರೆ: “ನೀ ಹುಟ್ಟಿದ್ದು ಕಾರಹುಣ್ಣಿವಿ ದಿನ, ಎತ್ತು ಕರಿ ಹರಿಯೂ ಹೊತ್ತಿಗೆ.” ಯಾವ ವರ್ಷ ಎಂದು ಅವಳಿಗೂ ನಿಖರವಾಗಿ ಗೊತ್ತಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಉತ್ತರ ಕರ್ನಾಟಕದವರು ಐದು ಜನ, ಐವರದ್ದೂ ಒಂದೇ ದಿನ ಹುಟ್ಟುಹಬ್ಬ. ಅನ್ನಮ್ಮ ಸಿಸ್ಟರ್ ಪ್ರತಿ ವರ್ಷ ಒಂದೇ ಕೇಕಿನ ಮೇಲೆ ಐದು ಹೆಸರು ಬರೆಸುತ್ತಿದ್ದರು. ಉಳಿದ ನಾಲ್ವರು ನಕ್ಕು ಕೇಕ್ ತಿನ್ನುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಪುಕಪುಕ. ಪಾಸ್‌ಪೋರ್ಟಿನಲ್ಲಿ ಸುಳ್ಳು, ಇಕಾಮಾದಲ್ಲಿ ಸುಳ್ಳು, ಯಾರಾದರೂ ಹಿಡಿದರೆ ವಿಮಾನ ಹತ್ತಿಸಿ ಕಳಿಸುತ್ತಾರೆ ಎಂದು ಮೂವತ್ತು ವರ್ಷ ಹೆದರಿದ್ದೇನೆ. ಹೆಂಡತಿಯನ್ನು ಬಿಟ್ಟರೆ ಬೇರೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಕಾಲ ಬದಲಾಯಿತು. ಮೊದಲೆಲ್ಲ ರೋಗಿಯ ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ಮೇಲೆ ಹೆಸರನ್ನು ನಾವೇ ಪೆನ್ನಿನಲ್ಲಿ ಬರೆಯುತ್ತಿದ್ದೆವು. ಆಮೇಲೆ ಕಂಪ್ಯೂಟರಿನಿಂದ ಅಚ್ಚಾಗಿ ಬರುವ, ಗೆರೆಗೆರೆಯ ಕೋಡ್ ಇರುವ ಪಟ್ಟಿ ಬಂತು. ಸ್ಕ್ಯಾನರ್ ಹಿಡಿದರೆ ಕೀಂ ಎನ್ನುತ್ತದೆ. ಹುಡುಗರು ಆ ಸದ್ದು ಕೇಳಿದರೆ ಸಾಕು, ಮುಂದೆ ಹೋಗುತ್ತಾರೆ. ಪಟ್ಟಿಯನ್ನೇ ತಪ್ಪು ಕೈಗೆ ಕಟ್ಟಿದ್ದರೂ ಅದು ಅಷ್ಟೇ ಚೆನ್ನಾಗಿ ಕೀಂ ಎನ್ನುತ್ತದೆ ಎಂಬುದು ಅವರ ತಲೆಗೆ ಹೋಗುವುದಿಲ್ಲ. ನಾನು ಹಳೆಯ ಖಾಲಿ ಪಟ್ಟಿಗಳ ಒಂದು ಸುರುಳಿಯನ್ನು ಲಾಕರಿನಲ್ಲಿ ಇಟ್ಟುಕೊಂಡೇ ಇದ್ದೆ. ಯಂತ್ರ ಕೆಟ್ಟರೆ ಇರಲಿ ಎಂದು.

ನಿವೃತ್ತಿಗೆ ಒಂದೂವರೆ ವರ್ಷ ಇರುವಾಗ ಯೂಸುಫ್ ಸಾಹೇಬರು ಬಂದರು. ಎಪ್ಪತ್ತರ ಹತ್ತಿರದ ಕುವೈತಿ ಮನುಷ್ಯ, ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಹೃದಯದ ಪರೀಕ್ಷೆಗಳು ಮುಗಿಯುವವರೆಗೆ ಆಪರೇಷನ್‌ಗೆ ಎರಡು ದಿನ ಕಾಯಬೇಕಾಯಿತು. ಅವರ ತಂದೆ ಬಾಂಬೆಯಲ್ಲಿ ಮುತ್ತಿನ ವ್ಯಾಪಾರ ಮಾಡಿದವರಂತೆ, ಹಾಗಾಗಿ ಸಾಹೇಬರಿಗೆ ಹಿಂದಿ ಸಲೀಸು. ನಾವು ಮಾತಾಡಿದ್ದು ಆ ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷು ಅರಬ್ಬಿ. ಇಲ್ಲಿ ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಅವರಲ್ಲಿ ಒಂದು ವಿಚಿತ್ರ ಕಂಡೆ. ಹೆಸರು ಕೇಳಿದರೆ ತಕ್ಷಣ ಹೇಳುತ್ತಿರಲಿಲ್ಲ. ನಮ್ಮ ಮುಖವನ್ನೇ ನೋಡುತ್ತಾ ಒಂದೆರಡು ಕ್ಷಣ ಬಿಟ್ಟು, ಬಾಗಿಲ ಕಿಂಡಿಯಲ್ಲಿ ನೋಡಿ ಅಗಳಿ ತೆಗೆಯುವವರ ಹಾಗೆ, “ಯೂಸುಫ್” ಎನ್ನುತ್ತಿದ್ದರು. ಎರಡನೇ ದಿನ ಬೆಳಿಗ್ಗೆ ನಾನು ಐದನೆಯ ಸಲವೋ ಆರನೆಯ ಸಲವೋ ಕೇಳಿದಾಗ ಅವರೇ ಕೇಳಿದರು, “ಬ್ರದರ್, ದಿನಕ್ಕೆ ಎಷ್ಟು ಸಲ ಕೇಳುತ್ತೀರಿ?”

“ಔಷಧಿ ಕೊಡುವಾಗಲೆಲ್ಲ, ಸಾಹೇಬರೇ. ನಿಯಮ.”

“ಅವರದ್ದೂ ನಿಯಮವೇ ಆಗಿತ್ತು” ಎಂದರು. ಆಮೇಲೆ ಚಹಾ ಕುಡಿಯುತ್ತಾ ಒಂದಿಷ್ಟು ಹೇಳಿದರು.

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಆಗಸ್ಟಿನಲ್ಲಿ ಅವರು ವಾಯುಪಡೆಯಲ್ಲಿದ್ದರು. ಬಾಂಬು ಹಾಕುವ ವಿಮಾನದಲ್ಲಿ ಹಿಂದಿನ ಸೀಟು ಅವರದು. ಮುಂದಿನವನು ಹಾರಿಸುತ್ತಾನೆ, ಹಿಂದಿನವನು ದಾರಿ, ಗುರಿ, ಇಂಧನ ನೋಡಿ ಹೇಳುತ್ತಾನೆ. “ಅಭ್ಯಾಸದಲ್ಲಿ ಬರೀ ಮರಳಿಗೆ ಬಾಂಬು ಹಾಕಿದ್ದೆವು. ಆ ಬೆಳಿಗ್ಗೆ ಕೆಳಗೆ ಇದ್ದದ್ದು ನಮ್ಮದೇ ರಸ್ತೆ. ಪ್ರತಿ ಶುಕ್ರವಾರ ಅಮ್ಮನನ್ನು ಕೂರಿಸಿಕೊಂಡು ಹೋಗುತ್ತಿದ್ದ ರಸ್ತೆ. ಟ್ಯಾಂಕುಗಳ ಸಾಲಿನ ಪಕ್ಕದಲ್ಲಿ ನಾನು ಪೆಟ್ರೋಲು ಹಾಕಿಸುತ್ತಿದ್ದ ಬಂಕು ಕಂಡಿತು. ಅದನ್ನು ತಪ್ಪಿಸಿ ಹಾಕು ಎಂದು ಪೈಲಟ್‌ಗೆ ಕೂಗಿದೆ. ದೇಶವೇ ಹೋಗುತ್ತಿತ್ತು, ನನಗೆ ಬಂಕಿನ ಚಿಂತೆ!” ಎಂದು ನಕ್ಕರು. ಅವರು ತಿರುಗಿ ಬರುವಷ್ಟರಲ್ಲಿ ರನ್‌ವೇ ಒಡೆದುಹೋಗಿತ್ತು. ಹೆದ್ದಾರಿಯ ಮೇಲೆ ಇಳಿದರು, ಅಲ್ಲೇ ಇಂಧನ ತುಂಬಿಸಿ ಮತ್ತೆ ಹಾರಿದರು. ಎರಡನೆಯ ಸಲ ಇಳಿದಾಗ ವಿಮಾನದ ಬಾಲಕ್ಕೆ ಗುಂಡು ಬಿದ್ದು ಅದು ಕೆಲಸಕ್ಕೆ ಬಾರದಾಗಿತ್ತು. ಕಾಲಿಗೆ ಗಾಯವಾಗಿದ್ದ ಪೈಲಟ್‌ನನ್ನು ಯಾರೋ ಕಾರಿನಲ್ಲಿ ದಕ್ಷಿಣದ ಗಡಿ ದಾಟಿಸಿದರು. ಇವರು ಅಮ್ಮನನ್ನು ನೋಡಿಕೊಂಡು ಬರುತ್ತೇನೆ ಎಂದು ಉಳಿದರು.

“ಅದೇ ತಪ್ಪು. ವಾಯುಪಡೆಯವನು ಎಂದು ಗೊತ್ತಾದರೆ ಅಲ್ಲೇ ಮುಗಿಸುತ್ತಿದ್ದರು. ಸಮವಸ್ತ್ರ ಸುಟ್ಟೆ. ನನ್ನದಲ್ಲದ ಒಂದು ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡೆ. ಮೂರು ವಾರಕ್ಕೆ ಚೆಕ್‌ಪೋಸ್ಟಿನಲ್ಲಿ ಹಿಡಿದರು. ಬಸ್ಸಿನಲ್ಲಿ ಬಸ್ರಾಕ್ಕೆ, ಅಲ್ಲಿಂದ ಮುಂದಕ್ಕೆ. ಏಳು ತಿಂಗಳು.” ಅಲ್ಲಿ ಹೊಡೆತಕ್ಕಿಂತ ಹೆಚ್ಚು ಹೆದರಿಸಿದ್ದು ಹೆಸರು ಕೇಳುವುದಂತೆ. ಊಟದ ಬಟ್ಟಲು ಕೊಡುವ ಮೊದಲು ಹೆಸರು, ಹುಟ್ಟಿದ ದಿನ. ಶೌಚಕ್ಕೆ ಬಿಡುವ ಮೊದಲು ಹೆಸರು, ಹುಟ್ಟಿದ ದಿನ. ಜ್ವರದಲ್ಲಿ ಮಲಗಿದ್ದಾಗ ಎಬ್ಬಿಸಿ ಮತ್ತೆ ಅದೇ. ಒಮ್ಮೆ ತಡವರಿಸಿದರೂ ಸುಳ್ಳು ಬಯಲಾಗುತ್ತಿತ್ತು. “ಕೇಳುವವರು ತಮ್ಮ ಹೆಸರು ಒಂದು ದಿನವೂ ಹೇಳಲಿಲ್ಲ, ಬ್ರದರ್.”

“ಯಾರ ಹೆಸರು ಹೇಳಿದಿರಿ?” ಎಂದು ಕೇಳಿದೆ.

ಅವರು ಗೋಡೆ ಕಡೆ ಮುಖ ತಿರುಗಿಸಿದರು. ನಾನು ಚಹಾದ ಲೋಟ ತೆಗೆದುಕೊಂಡು ಬಂದೆ.

ಮರುದಿನ ಆಪರೇಷನ್ ಸುಸೂತ್ರವಾಯಿತು. ಅದರ ಮಾರನೆಯ ಮಧ್ಯಾಹ್ನ, ಶಿಫ್ಟ್ ಬದಲಾಗುವ ಹೊತ್ತಿಗೆ, ಅವರ ಗಾಯದಿಂದ ಬರುವ ರಕ್ತ ಹಿಡಿಯುವ ಬಾಟಲಿ ತುಂಬಿತ್ತು, ಬ್ಯಾಂಡೇಜೂ ತೊಯ್ದಿತ್ತು. ಬಿಪಿ ಇಳಿಯುತ್ತಿತ್ತು. ಮೈ ತಣ್ಣಗೆ, ಮಾತು ಅಡ್ಡಾದಿಡ್ಡಿ. ಡಾಕ್ಟರ್ ಸಾಮಿ ಓಡಿ ಬಂದರು. ಗಾಯವನ್ನು ಮತ್ತೆ ತೆರೆಯಬೇಕು, ಅದಕ್ಕೂ ಮೊದಲು ಎರಡು ಬಾಟಲಿ ರಕ್ತ ಹೋಗಲೇಬೇಕು ಎಂದರು. ಮೊದಲೇ ಹೊಂದಿಸಿ ಇಟ್ಟಿದ್ದ ರಕ್ತವನ್ನು ಹಮೀದಣ್ಣ ಏದುಸಿರು ಬಿಡುತ್ತಾ ತಂದರು.

ರಕ್ತಕ್ಕೆ ಇಬ್ಬರು ನರ್ಸ್ ಬೇಕು. ಒಬ್ಬರು ಓದಬೇಕು, ಒಬ್ಬರು ಹೊಂದಿಸಬೇಕು. ನನ್ನ ಜೊತೆ ಇದ್ದವಳು ಸುಜಾತಾ, ಬೆಳಗಾವಿಯವಳು, ಬಂದು ಮೂರು ತಿಂಗಳಾಗಿತ್ತು. ಚೀಲದ ಚೀಟಿ, ಕಾಗದ, ಕೈಪಟ್ಟಿ, ಮೂರೂ ಒಂದೇ. ಸ್ಕ್ಯಾನರ್ ಕೀಂ ಅಂದಿತು. ನಾನು ಬಗ್ಗಿ ಕೇಳಿದೆ, “ಇಸ್ಮಕ್?”

ಒಂದು ಕ್ಷಣವೂ ತಡೆಯದೆ ಉತ್ತರ ಬಂತು. “ಜಾಸಿಮ್.”

“ತಾರೀಖ್ ಮೀಲಾದ್?”

“ಮಾರ್ಚ್ ಒಂಬತ್ತು.” ವರ್ಷವನ್ನೂ ಹೇಳಿದರು. ಪಟ್ಟಿಯಲ್ಲಿದ್ದದ್ದು ನವೆಂಬರ್, ವರ್ಷವೂ ಬೇರೆ.

ಮತ್ತೆ ಕೇಳಿದೆ. ಅದೇ ಜಾಸಿಮ್, ಅದೇ ಮಾರ್ಚ್ ಒಂಬತ್ತು, ಗಂಟೆ ಹೊಡೆದ ಹಾಗೆ. ಎರಡು ದಿನ ಯೂಸುಫ್ ಎನ್ನಲು ತಡೆಯುತ್ತಿದ್ದ ಮನುಷ್ಯ ಈ ಹೆಸರನ್ನು ಮಾತ್ರ ನಿದ್ದೆಗಣ್ಣಲ್ಲೂ ಹೇಳುವಷ್ಟು ಸಲೀಸಾಗಿ ಹೇಳಿದರು.

“ಸರ್, ಬ್ಯಾಂಡ್ ಮ್ಯಾಚ್ ಆಗೇತ್ರಿ. ಅಜ್ಜಾರಿಗೆ ಭ್ರಮಿ ಆಗೇತಿ ಅಷ್ಟ. ಹಾಕೂಣಲ್ರಿ?” ಸುಜಾತಾ ಅವಸರಪಟ್ಟಳು.

ಅವಳು ಹೇಳಿದ್ದು ಸರಿಯೇ ಇರಬಹುದು. ಇದು ಸೆರೆಯಲ್ಲಿ ಹೇಳಿದ ಹೆಸರೇ ಇರಬೇಕು ಎಂದು ನನ್ನ ಮನಸ್ಸೂ ಹೇಳುತ್ತಿತ್ತು. ಆದರೆ ಇವರು ಬಂದ ದಿನವೇ ತುರ್ತು ವಿಭಾಗಕ್ಕೆ ಸೊಂಟ ಮುರಿದ ಇನ್ನೊಬ್ಬ ಮುದುಕರೂ ಬಂದಿದ್ದರು. ಅವರನ್ನು ಬೇರೆ ಆಸ್ಪತ್ರೆಗೆ ಕಳಿಸಿದ್ದರು. ಅವರ ಹೆಸರೇನು? ಅಕ್ಕಪಕ್ಕದ ಟ್ರಾಲಿಗಳಲ್ಲಿ ಪಟ್ಟಿ ಅದಲುಬದಲಾಗಿದ್ದರೆ? ರಕ್ತದ ಸ್ಯಾಂಪಲ್ ತೆಗೆದದ್ದೂ ಅಲ್ಲೇ. ಎರಡು ದಿನ ತಡೆತಡೆದು ಯೂಸುಫ್ ಎಂದದ್ದು, ಕಿವಿ ಮಂದದ ಆ ಮುದುಕರ ಹಾಗೆ ನಮಗೆ ಒಪ್ಪಿಸಿದ ಉತ್ತರವೇ ಆಗಿದ್ದರೆ? ಹೊಂದದ ರಕ್ತ ನಾಲ್ಕು ಚಮಚ ಒಳಗೆ ಹೋದರೂ ಸಾಕು, ಮನುಷ್ಯ ಉಳಿಯುವುದಿಲ್ಲ. ತುರ್ತು ವಿಭಾಗಕ್ಕೆ ಫೋನ್ ಮಾಡಿದೆ, ಶಿಫ್ಟ್ ಬದಲಾಗುವ ಹೊತ್ತು, ಯಾರೂ ಎತ್ತಲಿಲ್ಲ.

ರಕ್ತದ ಚೀಲವನ್ನು ತಟ್ಟೆಯಲ್ಲಿ ಕೆಳಗಿಟ್ಟೆ.

ಡಾಕ್ಟರ್ ಸಾಮಿ ಕೂಗಾಡಿದರು. “ಈಗಲೂ ಕಮಾನ್ ಮರ್ರಾನಾ? ಮನುಷ್ಯ ಸಾಯುತ್ತಿದ್ದಾನೆ!” ಎಲ್ಲರಿಗೂ ನಡೆಯುವ ಓ ನೆಗೆಟಿವ್ ರಕ್ತ ಕೇಳಿದರು. ಆಸ್ಪತ್ರೆಯ ಫ್ರಿಜ್ಜಿನಲ್ಲಿದ್ದದ್ದು ಬೆಳಗಿನ ಅಪಘಾತದವರಿಗೆ ಖರ್ಚಾಗಿತ್ತು. ಹೊರಗಿನ ರಕ್ತನಿಧಿಯಿಂದ ತರಿಸಬೇಕು, ಅರ್ಧ ಗಂಟೆ. ಹಮೀದಣ್ಣ ಏನೂ ಛೇಡಿಸದೆ, “ನಾನೀಗ ಹೋಗಿ ಬರ್ತೇನೆ” ಎಂದು ಓಡಿದರು. ಸಾಹೇಬರ ಮಗಳು ಮರಿಯಂ ಫೋನಿನಲ್ಲಿ ಸಿಕ್ಕಳು. ಫಹಾಹೀಲ್‌ನಿಂದ ಬರುತ್ತಿದ್ದಳು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಳು. ಜಾಸಿಮ್ ಎಂದ ಕೂಡಲೇ ಆ ಕಡೆ ಅಳು ಕೇಳಿಸಿತು. “ಅದು ಅಲ್ಲಿನ ಹೆಸರು. ಬಾಬಾ ಅಲ್ಲಿಗೆ ಹೋಗಿಬಿಟ್ಟಿದ್ದಾರೆ” ಅಂದಳು. ಆದರೆ ಫೋನಿನ ಮಾತು ಕೇಳಿ ರಕ್ತ ಹಾಕುವಂತಿಲ್ಲ, ಗುರುತು ಹೇಳುವವರು ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಬೇಕು. ಬಿಪಿ ಯಂತ್ರದಲ್ಲಿ ಅಂಕಿ ಇಳಿಯುತ್ತಲೇ ಇತ್ತು. ನಾನು ನಿಯಮ ಪಾಲಿಸಿ ಒಬ್ಬ ಮನುಷ್ಯನನ್ನು ಕೊಲ್ಲುತ್ತಿದ್ದೇನೆ ಎಂದು ನಿಜವಾಗಿಯೂ ಅನ್ನಿಸಿತು. ದೇವರೇ, ಆ ಹೊತ್ತಿನ ಭಯ ನನ್ನ ಶತ್ರುವಿಗೂ ಬೇಡ.

ಆಗ ನೆನಪಾಯಿತು. ಕೇಳುವವರು ತಮ್ಮ ಹೆಸರು ಹೇಳಲಿಲ್ಲ ಅಂದಿದ್ದರಲ್ಲ. ನಾನು ಯಾರಾಗಿ ನಿಂತಿದ್ದೆ ಅವರ ಮುಂದೆ? ಮುಖಕ್ಕೆ ಮಾಸ್ಕು, ಮೈಗೆ ಸಮವಸ್ತ್ರ, ತಲೆಯ ಮೇಲೆ ಬಗ್ಗಿ ನಿಂತು ಅದೇ ಎರಡು ಪ್ರಶ್ನೆ.

ಮಾಸ್ಕ್ ತೆಗೆದೆ. ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕುಳಿತೆ. “ಸಾಹೇಬರೇ, ನನ್ನ ಹೆಸರು ಮಲ್ಲಪ್ಪ. ಅಪ್ಪನ ಹೆಸರು ಸಂಗಪ್ಪ. ಇಕಾಮಾದಲ್ಲಿ ನನ್ನ ಹುಟ್ಟಿದ ದಿನ ಜೂನ್ ಒಂದು ಅಂತಿದೆ. ಅದು ಸುಳ್ಳು.”

ಹಿಂದೆ ನಿಂತಿದ್ದ ಡಾಕ್ಟರು, ಸುಜಾತಾ ಇಬ್ಬರೂ ಕೇಳಿಸಿಕೊಂಡರು. ಮೂವತ್ತು ವರ್ಷ ಬಚ್ಚಿಟ್ಟದ್ದು ಹಾಡುಹಗಲಲ್ಲಿ ಬಾಯಿಂದ ಬಂದಿತ್ತು.

ಸಾಹೇಬರ ಕಣ್ಣು ನನ್ನ ಮುಖದ ಮೇಲೆ ನಿಂತವು. “ಸುಳ್ಳಾ?”

“ಸುಳ್ಳು. ಶಾಲೆಯ ಮಾಸ್ತರರು ಬರೆದದ್ದು. ನಾನು ಹುಟ್ಟಿದ್ದು ಒಂದು ಹುಣ್ಣಿಮೆಯ ದಿನ, ನಮ್ಮೂರಲ್ಲಿ ಎತ್ತು ಓಡಿಸುವ ಹೊತ್ತಿನಲ್ಲಿ. ನನ್ನ ತಾಯಿ ಹೇಳಿದ್ದು.”

“ಇವರಿಗೆ ಗೊತ್ತಾ?” ಅವರು ‘ಇವರು’ ಎಂದದ್ದು ಯಾರನ್ನೋ, ಬಾಗಿಲಾಚೆ ಇದ್ದವರನ್ನು.

“ಗೊತ್ತಿಲ್ಲ. ನಿಮಗೆ ಮಾತ್ರ ಹೇಳಿದೆ. ನನ್ನ ಅವ್ವ ನನ್ನನ್ನು ಮಲ್ಲು ಎಂದು ಕರೆಯುತ್ತಿದ್ದಳು. ನಿಮ್ಮ ತಾಯಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?”

ತುಟಿ ಒಣಗಿತ್ತು. ನಾಲಿಗೆಯಿಂದ ಸವರಿಕೊಂಡರು. ನನ್ನ ಕೈಯನ್ನು ಹುಡುಕಿ ಹಿಡಿದು, ಕಿವಿಯಲ್ಲಿ ಗುಟ್ಟು ಹೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು. “ಯೂಸುಫ್.” ಆಮೇಲೆ ತಂದೆಯ ಹೆಸರು, ಅಜ್ಜನ ಹೆಸರು. ನವೆಂಬರಿನ ಆ ದಿನ. ಪಟ್ಟಿಯಲ್ಲಿದ್ದ ವರ್ಷ. ನಾನು ಒಂದಕ್ಷರ ಎತ್ತಿಕೊಟ್ಟಿರಲಿಲ್ಲ.

“ಹೊಂದೇತ್ರಿ ಸರ್!” ಸುಜಾತಾ ಕೂಗಿದಳು. ರಕ್ತದ ಚೀಲ ಏರಿಸಿದೆವು. ಮೊದಲ ಹದಿನೈದು ನಿಮಿಷ ನಾನು ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ನಡುಕವಿಲ್ಲ, ದದ್ದಿಲ್ಲ. ಅಂಕಿ ಮೆಲ್ಲಗೆ ಮೇಲೆ ಬರತೊಡಗಿತು. ಹಮೀದಣ್ಣ ಓ ನೆಗೆಟಿವ್ ಹಿಡಿದು ಬರುವಷ್ಟರಲ್ಲಿ ಸಾಹೇಬರನ್ನು ಥಿಯೇಟರಿಗೆ ಒಯ್ದಾಗಿತ್ತು. ನಾನು ಕಾರಿಡಾರಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೆ. ಡಾಕ್ಟರ್ ಸಾಮಿ ಹೋಗುತ್ತಾ ನನ್ನ ಹೆಗಲ ಮೇಲೊಂದು ಸಲ ಕೈಯಿಟ್ಟರು. ಜೂನ್ ಒಂದರ ವಿಷಯವನ್ನು ಅವರಾಗಲಿ ಸುಜಾತಾಳಾಗಲಿ ಯಾರ ಮುಂದೆಯೂ ಎತ್ತಲಿಲ್ಲ. ಆದರೂ ತಿಂಗಳಗಟ್ಟಲೆ, ಆಫೀಸಿನಿಂದ ಫೋನ್ ಬಂದರೆ ನನ್ನ ಎದೆ ಧಸಕ್ ಅನ್ನುತ್ತಿತ್ತು.

ನಾಲ್ಕು ದಿನವಾದ ಮೇಲೆ ಸಾಹೇಬರು ದಿಂಬಿಗೆ ಒರಗಿ ಕೂರುವಷ್ಟಾದರು. ನಾನು ಮಾತ್ರೆ ಹಿಡಿದು ಹೋಗಿ, “ನಾನು ಮಲ್ಲಪ್ಪ” ಎಂದೆ. “ನಾನು ಯೂಸುಫ್” ಎಂದರು. ಆಮೇಲೆ ತಾವಾಗಿಯೇ ಉಳಿದ ಕಥೆ ಹೇಳಿದರು. ನಾನು ಕೇಳಿರಲಿಲ್ಲ.

ಜಾಸಿಮ್ ಅವರ ಚಿಕ್ಕಪ್ಪನ ಮಗ. ಭೂಗೋಳದ ಮಾಸ್ತರ. ಇಬ್ಬರದ್ದೂ ಒಂದೇ ಮೂಗು, ಒಂದೇ ಗಲ್ಲ. ಆ ಆಗಸ್ಟಿನಲ್ಲಿ ಚಿಕ್ಕಪ್ಪನ ಮನೆಯವರೆಲ್ಲ ರಜೆಗೆಂದು ಕೈರೋಗೆ ಹೋಗಿದ್ದರು. ಫಹಾಹೀಲ್‌ನ ಅವರ ಮನೆಯಲ್ಲಿ ಅಡಗಿದ್ದ ಯೂಸುಫ್ ಸಾಹೇಬರಿಗೆ ಮೇಜಿನ ಖಾನೆಯಲ್ಲಿ ಜಾಸಿಮ್‌ನ ಗುರುತಿನ ಚೀಟಿ ಸಿಕ್ಕಿತು. ಚೀಟಿಯವನು ಕೈರೋದಲ್ಲಿ ಕ್ಷೇಮವಾಗಿದ್ದಾನೆ, ಹೆಸರು ತೆಗೆದುಕೊಂಡರೆ ಅವನಿಗೇನು ನಷ್ಟ ಎಂದುಕೊಂಡರು. ಏಳು ತಿಂಗಳು ಸೆರೆಯಲ್ಲಿ ಭೂಗೋಳದ ಮಾಸ್ತರನಾಗಿದ್ದರು. ಕಾವಲುಗಾರನೊಬ್ಬನ ಮಗನಿಗೆ ನಕ್ಷೆ ಬರೆದುಕೊಟ್ಟು ಒಂದು ರೊಟ್ಟಿ ಹೆಚ್ಚಿಗೆ ಪಡೆಯುತ್ತಿದ್ದರಂತೆ.

“ಯುದ್ಧ ಮುಗಿದು ನಮ್ಮನ್ನು ಬಿಟ್ಟರು. ಬಸ್ಸು ಕುವೈತಿಗೆ ಬಂತು. ನಮಗಿಂತ ಮುಂಚೆ ಹೆಸರುಗಳ ಪಟ್ಟಿ ಬಂದಿತ್ತು. ಇಳಿದರೆ, ನನ್ನ ಚಿಕ್ಕಮ್ಮ ನಿಂತಿದ್ದಾಳೆ. ಕೈಯಲ್ಲಿ ಪನ್ನೀರಿನ ದಾನಿ. ಸುತ್ತ ಅವರ ಮನೆಯವರೆಲ್ಲರೂ.”

ನನಗೆ ಅರ್ಥವಾಗಲಿಲ್ಲ. ಸಾಹೇಬರು ಕಾಯದೆ ಮುಂದುವರಿಸಿದರು.

“ಜಾಸಿಮ್ ಕೈರೋದಲ್ಲಿ ಉಳಿದಿರಲೇ ಇಲ್ಲ, ಬ್ರದರ್. ಇಲ್ಲಿ ಬೇರೆ ಮನೆಯಲ್ಲಿ ಉಳಿದಿದ್ದ ತನ್ನ ತಾಯಿಯ ಅಮ್ಮನನ್ನು ಕರೆದೊಯ್ಯಲು ಸೆಪ್ಟೆಂಬರಿನಲ್ಲಿ ಮರುಭೂಮಿಯ ದಾರಿಯಲ್ಲಿ ಒಬ್ಬನೇ ಒಳಗೆ ಬಂದಿದ್ದ. ಎಲ್ಲೋ ಹಿಡಿದರು. ಆಗ ನಾನು ಅವನ ಹೆಸರಿಟ್ಟುಕೊಂಡು ಅವರ ಲೆಕ್ಕದಲ್ಲಿ ಕೂತಿದ್ದೆ. ನಾನು ಜಾಸಿಮ್ ಎಂದು ಅವನು ಹೇಳಿದಾಗ ಅವರು ಏನೆಂದಿರಬಹುದು? ಜಾಸಿಮ್ ಆಗಲೇ ನಮ್ಮ ಬಳಿ ಇದ್ದಾನೆ, ನೀನು ಯಾರು, ಎಂದು ಕೇಳಿದರೋ? ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅವನು ಇವತ್ತಿನವರೆಗೂ ಬಂದಿಲ್ಲ. ಮೂಳೆಯೂ ಸಿಕ್ಕಿಲ್ಲ. ಚಿಕ್ಕಮ್ಮ ಬಸ್ಸಿನ ಬಾಗಿಲಲ್ಲಿ ನನ್ನನ್ನು ನೋಡಿದಳು. ಆಮೇಲೆ ನನ್ನ ಹಿಂದೆ ಯಾರು ಇಳಿಯುತ್ತಾರೆ ಎಂದು ನೋಡಿದಳು. ಕೊನೆಯವನು ಇಳಿಯುವವರೆಗೂ ನೋಡಿದಳು.”

ನನಗೆ ಕಣ್ಣೀರು ಬಂತು, ಮುಚ್ಚಿಕೊಳ್ಳಲೂ ಇಲ್ಲ. ಒಬ್ಬನ ಹೆಸರಿನ ಮೇಲೆ ಇನ್ನೊಬ್ಬನಿಗೆ ಸೂಜಿ ಚುಚ್ಚಿದ ನನಗೆ, ಅವರು ಮೂವತ್ತು ವರ್ಷ ಯಾವ ಭಯ ಹೊತ್ತಿದ್ದರೆಂದು ಸ್ವಲ್ಪವಾದರೂ ತಿಳಿಯಿತು. ನನ್ನ ಮುದುಕರು ಬದುಕಿ ಖರ್ಜೂರ ಕೊಟ್ಟಿದ್ದರು. ಇವರಿಗೆ ಆ ಭಾಗ್ಯವೂ ಇರಲಿಲ್ಲ.

ಮನೆಗೆ ಹೋಗುವ ದಿನ ಮರಿಯಂ ಗಾಲಿಕುರ್ಚಿ ತಂದು ನಿಲ್ಲಿಸಿದಳು. ರೋಗಿ ಹೊರಡುವಾಗ ಕೈಪಟ್ಟಿ ಕತ್ತರಿಸಿ ತೆಗೆಯುವುದು ನಮ್ಮ ಕೆಲಸ. ನಾನು ಕತ್ತರಿ ಹಾಕಿದೆ. ಕಸದ ಡಬ್ಬಿಗೆ ಹಾಕಲು ಹೋದಾಗ ಸಾಹೇಬರು ಅದನ್ನು ಇಸಿದುಕೊಂಡು, ಬೆರಳಲ್ಲಿ ಸವರುತ್ತಾ ಕೇಳಿದರು, “ಈ ಯಂತ್ರದಲ್ಲಿ ಇನ್ನೊಂದು ಬರುತ್ತದೆಯೇ, ಬ್ರದರ್? ಬೇರೆ ಹೆಸರಿನದು?”

ಯಾರ ಹೆಸರು ಎಂದು ಕೇಳುವ ಅಗತ್ಯವಿರಲಿಲ್ಲ. “ಬರುವುದಿಲ್ಲ ಸಾಹೇಬರೇ. ದಾಖಲಾಗದವರಿಗೆ ಯಂತ್ರ ಪಟ್ಟಿ ಕೊಡುವುದಿಲ್ಲ” ಎಂದೆ.

“ಹೌದು, ಹೌದು. ನಿಯಮ” ಎಂದು ತಲೆಯಾಡಿಸಿದರು. ಮರಿಯಂ ಕುರ್ಚಿ ತಳ್ಳತೊಡಗಿದಳು.

“ಒಂದು ನಿಮಿಷ ನಿಲ್ಲಮ್ಮ” ಎಂದು ನಾನು ಲಾಕರಿಗೆ ಹೋದೆ. ಹಳೆಯ ಸುರುಳಿಯಿಂದ ಒಂದು ಖಾಲಿ ಪಟ್ಟಿ ಹರಿದು ತಂದೆ. ಹಮೀದಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಜೇಬಿನಿಂದ ಪೆನ್ನು ತೆಗೆದು, ಸ್ಟೂಲ್ ಎಳೆದುಕೊಂಡು ಸಾಹೇಬರ ಎದುರು ಕುಳಿತೆ.

“ಹೆಸರು?”

“ಜಾಸಿಮ್” ಎಂದರು. ತಂದೆಯ ಹೆಸರು, ಅಜ್ಜನ ಹೆಸರು ಹೇಳಿದರು.

“ಹುಟ್ಟಿದ ದಿನ?”

“ಮಾರ್ಚ್ ಒಂಬತ್ತು.”

“ಇನ್ನೊಂದು ಸಲ ಹೇಳಿ, ಸಾಹೇಬರೇ.”

ಹಮೀದಣ್ಣ ನಗಲಿಲ್ಲ. ನಾನು ಮೂರು ಸಲ ಕೇಳಿದೆ. ಮೂರು ಸಲವೂ ಹೊಂದಿತು. ಆಮೇಲೆ ಬರೆದೆ.